ಕಟ್ಟಿಗೆ ಇಪ್ಪತ್ತೈದು

ಇಡೀ ನಾಟಕಕ್ಕೆ ಒಬ್ಬಳೇ ಅಂತೆ.
ಹಾಗಾದರೆ ಟಿಕೆಟಿಲ್ಲದ್ದು ಒಳ್ಳೆಯದಾಯಿತು, ಅಂದಳು ಸೆವ್ರಿನ್ ಬಾಯಿ,
ಶಿರ್ವದಲ್ಲಿ ಬಸ್ಸಿಳಿದು ಶಾಲೆಯ ಮೆಟ್ಟಿಲು ಹತ್ತುವಾಗ.

ಮಕ್ಕಳ ಬೆಂಚು. ಮೊಣಕಾಲು ಗದ್ದಕ್ಕೆ ತಾಗುತ್ತದೆ.
ಮುಂದಿನ ಸಾಲಿನಲ್ಲಿ ಪಂಚಾಯತಿನವರು, ಪ್ಲಾಸ್ಟಿಕ್ ಕುರ್ಚಿ.
ಹಿಂದೆ, ತಿರುಗದ ಫ್ಯಾನಿನ ಕೆಳಗೆ ನಾವು ಹನ್ನೊಂದು ಮಂದಿ,
ಕೈ ಖಾಲಿ ಇಟ್ಟು ಕೂತು ಅಭ್ಯಾಸ ಇಲ್ಲದವರು.

ಹರ್ಷಿಣಿ ನಮ್ಮಲ್ಲಿಗೆ ಬಂದದ್ದು ಕಳೆದ ಆಟಿಯಲ್ಲಿ.
ಉಡುಪಿಯಿಂದ ಸ್ಕೂಟರು, ಚೀಲದಲ್ಲಿ ಮಜ್ಜಿಗೆ ಬಾಟ್ಲಿ.
ಗುರುವಾರ ಗುರುವಾರ ಅವ್ವಮ್ಮನ ಜಗಲಿಯಲ್ಲಿ ಕೂತು
ಎಲೆ ಕತ್ತರಿಸಲು ಕಲಿತಳು, ಬೆರಳು ಕೊಯ್ದುಕೊಂಡಳು,
ಮೊಬೈಲನ್ನು ತಡ್ಪೆಯ ಅಂಚಿಗೆ ಒರಗಿಸಿಟ್ಟು
"ನೀವು ಹೇಳಿ, ಅದು ಕೇಳ್ತಾ ಇರ್ತದೆ" ಅಂದಳು.
ಹೇಳಿದೆವು. ಗಂಡ ಬೊಂಬಾಯಿಗೆ ಹೋಗಿ ಕಾಗದ ನಿಂತದ್ದು,
ತೋಡಿಗೆ ಬಿದ್ದ ಎಲೆಯ ಕಟ್ಟನ್ನು ಈಜಿ ತಂದದ್ದು,
ಹೆರಿಗೆ ನೋವು ಹಿಡಿದ ಮೇಲೂ ಅವ್ವಮ್ಮ ನೂರು ಮುಗಿಸಿದ್ದು.
ಹೇಳುವಾಗ ಯಾರ ಕೈಯೂ ನಿಲ್ಲಲಿಲ್ಲ.
ಕೈ ನಿಲ್ಲದ್ದರಿಂದಲೇ ಹೇಳಿದ್ದು.

ಈಗ ಬೆಳಕು. ಒಂದು ತಡ್ಪೆ, ಒಂದು ಕತ್ತರಿ,
ಒಂದು ನೀಲಿ ಸೀರೆ.
ಸೆರಗು ತಲೆಗೆ ಎಳೆದರೆ ಅವ್ವಮ್ಮ.
ಸೊಂಟಕ್ಕೆ ಸಿಕ್ಕಿಸಿದರೆ ಸೆವ್ರಿನ್ ಬಾಯಿ, ಅದೇ ಕೊಂಕಣಿ ಬೈಗುಳ,
ಮಾತಿನ ನಡುವೆ ಅದೇ ಮೂಗು ಎಳೆಯುವುದು.
"ನಾನು ಹಾಗೆ ಎಳೀತೇನಾ?" ಅಂತ ಕೇಳಿದಳು ಮೂಗು ಎಳೆದು.
ಯಾರೂ ಉತ್ತರ ಕೊಡಲಿಲ್ಲ.

ಮತ್ತೆ ಅವಳು ಎಡ ಸೊಂಟಕ್ಕೆ ಕೈ ಕೊಟ್ಟು ಎದ್ದಳು.
ನನಗಿಂತ ಮೊದಲು ನನ್ನ ಸೊಂಟಕ್ಕೆ ಗುರುತು ಸಿಕ್ಕಿತು:
ಅದು ನಾನು, ಲಚ್ಚಿಲು.

ಬ್ರಾಂಚಿನ ಮೇಜು. ರೈಟರ್ ಕಟ್ಟು ಬಿಚ್ಚಿ ಹೆಕ್ಕುತ್ತಾನೆ:
ಇದು ಸಡಿಲ, ಇದರ ಮಂಡೆ ಸರಿಯಿಲ್ಲ, ಇದು ಹಾಳು.
ನೂರಕ್ಕೆ ಹದಿನೆಂಟು ಹಾಳು.
ಹಾಳಾದದ್ದು ವಾಪಸು ಕೊಡುವುದಿಲ್ಲ, ಸಂಜೆ ಅವನೇ ಸೇದುತ್ತಾನೆ.
ಇಲ್ಲಿಯವರೆಗೆ ನಿಜ.
ಆಮೇಲೆ ವೇದಿಕೆಯ ಲಚ್ಚಿಲು
ಒಂದು ಕಟ್ಟು ಎತ್ತಿ ಅವನ ಮೋರೆಗೆ ಬಿಸಾಡುತ್ತಾಳೆ,
ನೂಲು ಹರಿದು ಬೀಡಿಯೆಲ್ಲ ಚೆಲ್ಲಾಪಿಲ್ಲಿ,
"ಸೇದು ಮಾರಾಯ, ಹೊಟ್ಟೆ ತುಂಬ ಸೇದು!"
ಪಂಚಾಯತಿನವರೂ ಚಪ್ಪಾಳೆ ತಟ್ಟಿದರು.

ನಾನು ಬಿಸಾಡಲಿಲ್ಲ.
ಮೊಬೈಲಿಗೆ ಹಾಗೆ ಹೇಳಿದ್ದು.
ಆವತ್ತು ನಾನು ಪುಸ್ತಕದಲ್ಲಿ ಸಹಿ ಹಾಕಿ,
ನಾಳೆಯ ಎಲೆ, ಹೊಗೆಸೊಪ್ಪು ತೂಗಿಸಿಕೊಂಡು,
"ಬರ್ತೇನೆ ಅಣ್ಣ" ಅಂತ ಹೇಳಿ ಮೆಟ್ಟಿಲಿಳಿದದ್ದು.
ಆ ಅಣ್ಣ ಇನ್ನೂ ನಾಲಗೆಯಲ್ಲಿ ಉಂಟು, ಹೊಗೆಸೊಪ್ಪಿನ ಕಾರದ ಹಾಗೆ.
ಆವತ್ತು ಸಾಲಿನಲ್ಲಿ ನನ್ನ ಹಿಂದೆ ನಿಂತವಳು ಅವ್ವಮ್ಮ.
ಈಗ ಪಕ್ಕದಲ್ಲಿ ಕೂತವಳೂ ಅವಳೇ.
ನಾನು ಆ ಕಡೆ ತಿರುಗಲಿಲ್ಲ.

ಜನ ಚಹಾಕ್ಕೆ ಹೋದ ಮೇಲೆ
ವೇದಿಕೆ ಹತ್ತಿ ಬೀಡಿ ಹೆಕ್ಕಿದೆ. ಕಾಲಡಿಗೆ ಬೀಳುವುದು ನೋಡಿ ಕೂರಲಾಗುವುದಿಲ್ಲ.
ಇಪ್ಪತ್ತನಾಲ್ಕು.
ಹರ್ಷಿಣಿ ಬಣ್ಣ ಒರೆಸುತ್ತಾ ಬಂದಳು,
"ನಾನೇ ಕಟ್ಟಿದ್ದು ಅಕ್ಕ, ಸರಿಯಾಗಿದೆಯಾ?"
ಸಡಿಲ. ಮಂಡೆ ಸರಿಯಿಲ್ಲ.
"ಒಂದು ಕಮ್ಮಿ ಉಂಟು" ಅಂದೆ.

ಕೊನೆಯ ಬಸ್ಸು ತಪ್ಪಿ ಒಳದಾರಿಯಲ್ಲಿ ನಡೆದೆವು.
ಅವ್ವಮ್ಮನ ಟಾರ್ಚು ಮುಂದೆ, ನಾನು ಹಿಂದೆ,
ಗೇರುಗುಡ್ಡೆ ಇಳಿಯುವವರೆಗೆ ಮಾತಿಲ್ಲ.
ಒಬ್ಬೊಬ್ಬರೇ ದಾಟುವ ಕಾಲುಸಂಕ. ಅಲ್ಲಿ ನಿಂತಳು.
"ಆ ಹುಡುಗಿ ಒಂದು ತಪ್ಪು ಮಾಡಿದಳು ಲಚ್ಚಿಲು."
ನಾನು ನಿರಿಗೆ ಎತ್ತಿ ಹಿಡಿದುಕೊಂಡು ಕಾದೆ.
ಟಾರ್ಚನ್ನು ನನ್ನ ಕಾಲಬುಡಕ್ಕೆ ಬಿಟ್ಟು ಹೇಳಿದಳು:
"ನೀನು ಆವತ್ತು ಬಿಸಾಡಿದ್ದು
ಒಂದು ಕಟ್ಟಲ್ಲ.
ಎರಡು."